ವಾಯಿದೆಯ ಪುಸ್ತಕ

ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಾಗನೂರಿಗೆ ಬಂದಿದ್ದಳು. 2017ರಲ್ಲಿ ಕನ್ನಡವನ್ನೇ ಪ್ರಥಮ ಭಾಷೆಯಾಗಿ ಆಯ್ದುಕೊಂಡು ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವಳು. ಆ ಪತ್ರವೆಲ್ಲಿ ಎಂದು ಕೇಳಿದೆವು. "ಏಳು ವರ್ಷದ ವಾಯಿದೆ ಮುಗಿಯಿತಲ್ಲ ಸರ್, ಎಲ್ಲಿಟ್ಟೆನೋ ನೆನಪಿಲ್ಲ" ಎಂದಳು. ನಮಗೆ ಕ್ಷಣಕಾಲ ಮಾತೇ ಹೊರಡಲಿಲ್ಲ. ಕೇಂದ್ರ ಸರ್ಕಾರವು 2021ರ ಜೂನ್‌ನಲ್ಲಿಯೇ ಆ ಮಿತಿಯನ್ನು ತೆಗೆದು, 2011ರಿಂದೀಚಿನ ಪತ್ರಗಳಿಗೆಲ್ಲ ಆಜೀವ ಮಾನ್ಯತೆಯನ್ನು ಘೋಷಿಸಿತ್ತು. ಸುದ್ದಿ ಮಾತ್ರ ಅವಳ ಮನೆಯನ್ನು ತಲುಪಿರಲಿಲ್ಲ. ಮೂರು ದಿನ ಹುಡುಕಿದ ಮೇಲೆ ಪತ್ರವು ಹಳೆಯ ಟ್ರಂಕಿನ ತಳದಲ್ಲಿ ದೊರೆಯಿತಂತೆ.

ಅವಳಿಗೆ ಬುದ್ಧಿ ಹೇಳಿದ ನಮ್ಮ ಸ್ಥಿತಿಯಾದರೂ ಏನು? ನಾವು ಸೇವೆಗೆ ಸೇರಿದಾಗ ಈ ಪರೀಕ್ಷೆಯ ಹೆಸರೇ ಇರಲಿಲ್ಲ. ತರಬೇತಿಯ ಪತ್ರಕ್ಕೆ ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿ ನಿಶ್ಚಿಂತರಾಗಿದ್ದೆವು. 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಈ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು; ಅದಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಆದರೆ ಬಡ್ತಿಯಿಲ್ಲ. ಅಲ್ಪಸಂಖ್ಯಾತರ ಸಂಸ್ಥೆಗಳ ವಿಷಯವನ್ನು ಮಾತ್ರ ಹೆಚ್ಚಿನ ಪೀಠದ ವಿಚಾರಣೆಗೆ ಬಿಟ್ಟಿತು. ನಮಗೆ ಉಳಿದಿರುವುದು ಏಳು ವರ್ಷ.

ಹೀಗಾಗಿ ಐವತ್ನಾಲ್ಕರ ವಯಸ್ಸಿನಲ್ಲಿ ಮತ್ತೆ ಪಾಠ ಒಪ್ಪಿಸುತ್ತಿದ್ದೇವೆ. 150 ಅಂಕ, ಎರಡೂವರೆ ಗಂಟೆ. ಕನ್ನಡದ 30 ಅಂಕಗಳಿಗೆ ಅಂಜಿಕೆಯಿಲ್ಲ. ಶಿಶುವಿಕಾಸದ 30 ಅಂಕಗಳೇ ಕಾಡುತ್ತವೆ. ಇಷ್ಟು ವರ್ಷ ಮಕ್ಕಳೊಡನೆ ಕಳೆದರೂ ಪಿಯಾಜೆ ಹೇಳಿದ ಹಂತಗಳು ಅನುಕ್ರಮವಾಗಿ ನೆನಪಿಗೆ ಬಾರವು. ಮೇಲಾಗಿ ನಮ್ಮ ರಾಜ್ಯದಲ್ಲಿ 2024ರಿಂದ ಪರೀಕ್ಷೆ ಕಂಪ್ಯೂಟರಿನಲ್ಲಿ. ನೆರೆಮನೆಯ ಏಳನೆಯ ತರಗತಿಯ ಹುಡುಗ ಮೌಸ್ ಹಿಡಿಯುವುದನ್ನು ಕಲಿಸುತ್ತಿದ್ದಾನೆ. ಗುರುವಿಗೆ ತಾಳ್ಮೆ ಸಾಲದು.

ಈ ಎರಡು ಪ್ರಸಂಗಗಳ ತರುವಾಯ ನಾವೊಂದು ನೋಟುಪುಸ್ತಕವನ್ನು ತೆರೆದಿದ್ದೇವೆ. ಪತ್ರದ ಹೆಸರು, ಸಂಖ್ಯೆ, ಕೊಟ್ಟ ದಿನ, ಮುಗಿಯುವ ದಿನ. ಇವುಗಳ ಪಕ್ಕದಲ್ಲಿ, ನಿಯಮ ಬದಲಾದರೆ ಆ ಆದೇಶದ ದಿನಾಂಕ. ಈ ಕೊನೆಯ ಕಲಮನ್ನೇ ಜನ ಮರೆಯುವುದು. ಯುಗಾದಿಗೊಮ್ಮೆ, ದಸರೆಗೊಮ್ಮೆ ಪುಟ ತಿರುವುತ್ತೇವೆ. ಊರಿನ ಚಾಲಕರೂ ತಮ್ಮ ಲೈಸೆನ್ಸಿನ ದಿನಾಂಕಗಳನ್ನು ಬರೆಸಿ ಹೋಗಿದ್ದಾರೆ. ವಾಯಿದೆ ಕಳೆದು ವರ್ಷ ಮೀರಿತೆಂದರೆ, ಇಪ್ಪತ್ತು ವರ್ಷ ಲಾರಿ ನಡೆಸಿದವನೂ ಮತ್ತೆ ಚಾಲನಾ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ.

ಪುಸ್ತಕದ ಮೊದಲ ಸಾಲು ಆ ಹುಡುಗಿಯದು. ಮುಗಿಯುವ ದಿನವನ್ನು ಹೊಡೆದುಹಾಕಿ 'ಆಜೀವ' ಎಂದು ಬರೆದಿದೆ. ಎರಡನೆಯ ಸಾಲು ನಮ್ಮದು. 2027ರ ಆಗಸ್ಟ್ ಎಂಬ ಗಡುವನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇವೆ. ಸಂಖ್ಯೆಯ ಕಲಮು ಇನ್ನೂ ಖಾಲಿ.