ಬ್ಯಾಟರಿ ಬದಲಿಸುವ ಮೊದಲು ತಂತಿ ನೋಡಿ

ಬೊರ್ಡೊ ದ್ರಾವಣ ಮಾಡಿದ ಮೇಲೆ ನಾವೇನು ಮಾಡುತ್ತೇವೆ? ಹೊಳಪಿನ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ ನೋಡುತ್ತೇವೆ. ತಾಮ್ರದ ಕೆಂಪು ಅಂಟಿದರೆ ಸುಣ್ಣ ಸಾಲದು ಅಂತ ಲೆಕ್ಕ. ಪರೀಕ್ಷೆ ಮಾಡದೆ ಯಾರೂ ಮರಕ್ಕೆ ಮದ್ದು ಬಿಡುವುದಿಲ್ಲ. ಅಂಥ ನಾವು ಬೈಕಿನ ಲೈಟು ಕೈಕೊಟ್ಟ ಕೂಡಲೇ "ಬ್ಯಾಟರಿ ಹೋಗಿರಬೇಕು, ಹೊಸತು ಹಾಕಿ" ಅನ್ನುತ್ತೇವೆ. ಯಾಕೆ ಮಾರಾಯ್ರೆ?

ನಾನೂ ಹಾಗೆ ಅಂದವನೇ. ನನ್ನದು ಹಳೆಯ ಕಾರ್ಬುರೇಟರ್ ಬೈಕು, ಹೆಡ್‌ಲೈಟ್ ಬ್ಯಾಟರಿಯಿಂದಲೇ ಉರಿಯುವಂಥದ್ದು. ಎರಡು ಮಳೆಗಾಲದ ಹಿಂದೆ ಅದಕ್ಕೊಂದು ವಿಚಿತ್ರ ರೋಗ ಹಿಡಿಯಿತು. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟೂ ಅದರ ತಾಳಕ್ಕೆ ಮಿನುಗುವುದು. ಗುಂಡಿಗೆ ಇಳಿದರೆ ಆರುವುದು, ಹತ್ತಿದರೆ ಉರಿಯುವುದು. ಪೇಟೆಯಲ್ಲಿ ಮೊದಲು ಬ್ಯಾಟರಿ ಬದಲಾಯಿತು, ಆಮೇಲೆ ಬಲ್ಬು, ಮತ್ತೆ ಸ್ವಿಚ್ಚು. ಪ್ರತಿ ಸಲವೂ ನಾಲ್ಕು ದಿನ ಸರಿ, ಐದನೇ ದಿನ ಅದೇ ರಾಗ.

ಒಂದು ಸಂಜೆ ಅಡಿಕೆ ಕೊಟ್ಟು ಬರುವಾಗ ತಿರುವಿನಲ್ಲೇ ಲೈಟು ಪೂರ್ತಿ ಆರಿತು. ಎದುರಿಗೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸು ಕಂಡದ್ದು ಒಂದು ಮಾರು ದೂರದಲ್ಲಿ. ನಾನು ಬೈಕು ಸಮೇತ ಕಣಿಗೆ ಇಳಿದೆ. ಅವರಿಗೆ ಏನೂ ಆಗಲಿಲ್ಲ, ನನಗೆ ಮೊಣಕಾಲು ತರಚಿತು ಅಷ್ಟೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಪಂಪಿನ ಮೋಟಾರು ರಿಪೇರಿಯ ನೆರೆಮನೆಯವರು ಬಂದರು. ಕೈಯಲ್ಲಿ ಇದ್ದದ್ದು ಹಳೆಯ ಇಂಡಿಕೇಟರ್ ಬಲ್ಬು, ಅದಕ್ಕೆ ಎರಡು ವಯರು. ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಮೈನಸ್ಸಿಗೆ ಹಿಡಿದರು: ಫಳಕ್ಕನೆ ಉರಿಯಿತು. ಮೈನಸ್ಸಿನ ತುದಿಯನ್ನು ತೆಗೆದು ಬೈಕಿನ ಚಾಸಿಗೆ ಒತ್ತಿದರು: ಕೆಂಪಗೆ ಮಿಣುಕಿತು. "ಬ್ಯಾಟರಿ ಗಟ್ಟಿ ಉಂಟು. ಅರ್ತಿಂಗ್ ಇಲ್ಲ" ಅಂದರು. ಸೀಟು ಬಿಚ್ಚಿ ನೋಡಿದರೆ ಅರ್ತ್ ವಯರಿನ ಬೋಲ್ಟು ತುಕ್ಕು ಹಿಡಿದು ಹಸಿರು ಪುಡಿ ಕಟ್ಟಿತ್ತು. ಹಿಂದಿನ ಕ್ಯಾರಿಯರಿನಲ್ಲಿ ಮೈಲುತುತ್ತಿನ ಚೀಲ ಸಾಗಿಸುವವನು ನಾನೇ ತಾನೆ! ಮರಳು ಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸು. ಅಲ್ಲಿಂದ ಇಲ್ಲಿವರೆಗೆ ರೋಗ ಮರುಕಳಿಸಿಲ್ಲ.

ಇದರಲ್ಲಿ ಗುಟ್ಟೇನೂ ಇಲ್ಲ. ಬೈಕಿನಲ್ಲಿ ಹೆಚ್ಚಿನ ಕಡೆ ಕರೆಂಟು ವಯರಿನಲ್ಲಿ ಹೋಗುತ್ತದೆ, ವಾಪಸು ಬರುವುದು ಚಾಸಿನ ಮೂಲಕ. ವಾಪಸು ಬರುವ ದಾರಿ ಕೆಟ್ಟರೆ ಒಂದು ಲೈಟಿನ ಕರೆಂಟು ಇನ್ನೊಂದರ ಮೂಲಕ ದಾರಿ ಹುಡುಕುತ್ತದೆ. ಹಾಗಾಗಿ ಹಲವು ಲೈಟುಗಳು ಒಟ್ಟಿಗೆ ಹುಚ್ಚಾಟ ಮಾಡಿದರೆ ಮೊದಲು ಅರ್ತ್ ನೋಡಿ. ಒಂದೇ ಲೈಟು ಹೋದರೆ ಅದರ ಬಲ್ಬು, ಹೋಲ್ಡರು ನೋಡಿ. ಎಲ್ಲವೂ ಒಮ್ಮೆಲೇ ಸತ್ತರೆ ಫ್ಯೂಸು, ಬ್ಯಾಟರಿ ಟರ್ಮಿನಲ್ಲು. ಹ್ಯಾಂಡಲ್ ತಿರುಗಿಸುವಾಗ ಮಾತ್ರ ಆರಿದರೆ ಕುತ್ತಿಗೆಯ ಹತ್ತಿರ ವಯರು ಒಳಗೇ ತುಂಡಾಗಿರುತ್ತದೆ, ಹೊರಗಿನ ಪ್ಲಾಸ್ಟಿಕ್ ಸರಿ ಕಾಣುತ್ತದೆ. ಇಂಡಿಕೇಟರ್ ಒಂದು ಬದಿಗೆ ಮಾತ್ರ ಅವಸರದಲ್ಲಿ ಮಿನುಗಿದರೆ ಹೆಚ್ಚಾಗಿ ಆ ಬದಿಯ ಒಂದು ಬಲ್ಬು ಹೋಗಿರುತ್ತದೆ. ಕೊಟ್ಟಿಗೆಯಲ್ಲಿ ನಿಲ್ಲಿಸುವ ಬೈಕಾದರೆ ಇಲಿಯನ್ನು ಮರೆಯಬೇಡಿ. ಮದ್ದಿನ ಪಂಪಿನ ಜೋರು ನೀರಲ್ಲಿ ಬೈಕು ತೊಳೆಯುವ ಅಭ್ಯಾಸವನ್ನೂ ಬಿಡಿ, ಕಪ್ಲರಿನೊಳಗೆ ನೀರು ನುಗ್ಗುತ್ತದೆ.

ಒಂದು ಮಲ್ಟಿಮೀಟರು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಬೈಕು ನಿಂತಿರುವಾಗ ಚಾರ್ಜಾದ 12 ವೋಲ್ಟಿನ ಬ್ಯಾಟರಿ 12.6ರ ಆಸುಪಾಸು ತೋರಿಸಬೇಕು. ಇಂಜಿನು ಚಾಲೂ ಮಾಡಿ ಸ್ವಲ್ಪ ರೇಸ್ ಕೊಟ್ಟರೆ 13.5ರಿಂದ 14.5ರೊಳಗೆ ಬರಬೇಕು. ಏರದಿದ್ದರೆ ಚಾರ್ಜಿಂಗ್ ಇಲ್ಲ, ಹೊಸ ಬ್ಯಾಟರಿ ಹಾಕಿದರೂ ಅದು ಸಾಯುತ್ತದೆ. 15 ದಾಟಿದರೆ ರೆಗ್ಯುಲೇಟರ್ ಸಂಶಯ. ಬಲ್ಬು ಪದೇ ಪದೇ ಸುಡುವುದು ಇದರಿಂದಲೂ ಇರಬಹುದು. ಕೆಲವು ಹಳೆ ಬೈಕುಗಳ ಹೆಡ್‌ಲೈಟ್ ನೇರ ಮ್ಯಾಗ್ನೆಟ್ಟಿನಿಂದ ಉರಿಯುತ್ತದೆ. ನಿಧಾನ ಓಡಿಸುವಾಗ ಅದು ಮಂಕಾಗುವುದು ರೋಗವಲ್ಲ, ಅದರ ಗುಣ.

ಮೆಕ್ಯಾನಿಕರನ್ನು ಬೈಯುವುದು ನನ್ನ ಉದ್ದೇಶವಲ್ಲ. ಹತ್ತು ಬೈಕು ಸಾಲಾಗಿ ನಿಂತಿರುವಾಗ ವಯರು ವಯರು ಹುಡುಕಲು ಅವರಿಗೆ ಪುರುಸೊತ್ತಿಲ್ಲ. ಹುಡುಕಿದ ಶ್ರಮಕ್ಕೆ ದುಡ್ಡು ಕೊಡಲು ನಮಗೆ ಮನಸ್ಸಿಲ್ಲ, ಸಾಮಾನಿಗೆ ಮಾತ್ರ ಕೊಡುತ್ತೇವೆ. ಹೀಗಿರುವಾಗ ಅವರು ಸಾಮಾನು ಬದಲಿಸದೆ ಇನ್ನೇನು ಮಾಡಿಯಾರು?

ಎರಡು ಎಚ್ಚರಿಕೆ. ಫ್ಯೂಸು ಹೋದರೆ ಅಷ್ಟೇ ಆಂಪಿಯರಿನದ್ದನ್ನೇ ಹಾಕಿ. ಸಿಗರೇಟಿನ ಬೇಗಡೆಯೋ ತಂತಿಯೋ ಸುತ್ತಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ವಯರಿಂಗು. ಇನ್ನು, ಫ್ಯುಯೆಲ್ ಇಂಜೆಕ್ಷನ್ ಇರುವ ಹೊಸ ಬೈಕಿನ ಕಂಪ್ಯೂಟರ್ ಪೆಟ್ಟಿಗೆಯ ವಯರುಗಳಿಗೆ ಈ ಬಲ್ಬು ತಾಗಿಸಲೇಬೇಡಿ. ಅಲ್ಲಿ ನಮ್ಮ ಕೆಲಸ ಫ್ಯೂಸು, ಟರ್ಮಿನಲ್ಲು, ಅರ್ತ್ ನೋಡುವಷ್ಟಕ್ಕೆ ಮುಗಿಯಿತು.

2017ರ ಏಪ್ರಿಲಿನಿಂದ ಮಾರಾಟವಾಗುವ ದ್ವಿಚಕ್ರಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುತ್ತದೆ, ಕೆಟ್ಟರೆ ಹಗಲಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಇನ್ನೂ ಓಡುತ್ತಿರುವ ಹಳೆ ಬೈಕುಗಳದ್ದು ಹಾಗಲ್ಲ, ಕತ್ತಲಾದ ಮೇಲೆಯೇ ಗೊತ್ತಾಗುವುದು. ಹಾಗಾಗಿ ಪೇಟೆಗೆ ಹೊರಡುವ ಮೊದಲು ಅಂಗಳದಲ್ಲೇ ಒಮ್ಮೆ ಲೈಟು ಹಾಕಿ ನೋಡಿ. ಕತ್ತಿ ಅದ್ದಿ ನೋಡುವಷ್ಟೇ ಹೊತ್ತು ಸಾಕು.