ಗುಲಾಬಿಗೆ ಸಿಕ್ಕ ಬಿಡುಗಡೆ

ಫೆಬ್ರವರಿ 14 ಹತ್ತಿರ ಬಂತೆಂದರೆ ಸೌದಿ ಅರೇಬಿಯಾದ ಹೂವಿನಂಗಡಿಗಳು ಒಂದು ಕಾಲದಲ್ಲಿ ಕೆಂಪು ಗುಲಾಬಿಯನ್ನು ಅಡಗಿಸಿಡುತ್ತಿದ್ದವು. ಪ್ರೇಮಿಗಳ ದಿನ ಪರಕೀಯರ ಹಬ್ಬ, ಧರ್ಮಕ್ಕೆ ಸಲ್ಲದು ಎಂದು ಧಾರ್ಮಿಕ ಪೊಲೀಸರು ಅಂಗಡಿಗಳನ್ನು ತಪಾಸಣೆ ಮಾಡುತ್ತಿದ್ದರು. ಆದರೂ ವ್ಯಾಪಾರ ನಿಂತಿರಲಿಲ್ಲ. ಗುಟ್ಟಾಗಿ, ಹೆಚ್ಚಿನ ಬೆಲೆಗೆ ನಡೆಯುತ್ತಿತ್ತು.

2016ರ ಏಪ್ರಿಲ್‌ನಲ್ಲಿ ಈ ಪೊಲೀಸರ ಬಂಧಿಸುವ ಅಧಿಕಾರವನ್ನು ಸರಕಾರ ಹಿಂತೆಗೆದುಕೊಂಡಿತು. 2018ರಲ್ಲಿ ಮೆಕ್ಕಾದ ಧಾರ್ಮಿಕ ಪೊಲೀಸರ ಮಾಜಿ ಮುಖ್ಯಸ್ಥ ಅಹ್ಮದ್ ಅಲ್ ಘಾಮ್ದಿ ಅವರೇ, ಇದು ಸಾಮಾಜಿಕ ಆಚರಣೆ, ಇಸ್ಲಾಂಗೆ ವಿರುದ್ಧವಲ್ಲ ಎಂದರು. ಆ ವರ್ಷ ಗುಲಾಬಿ ಬಹಿರಂಗವಾಗಿ ಮಾರಾಟವಾಯಿತು. ಮುಂದೆ ಕ್ರಿಸ್‌ಮಸ್ ಅಲಂಕಾರದ ಸಾಮಗ್ರಿ ರಿಯಾದ್‌ನ ಅಂಗಡಿಗಳಿಗೆ ಬಂತು. 2022ರಲ್ಲಿ ಅಲ್ಲಿ ಹ್ಯಾಲೋವೀನ್ ಮಾದರಿಯ ಭೂತಪ್ರೇತಗಳ ವೇಷ ತೊಟ್ಟು ಯುವಜನರು ನಲಿದರು.

ಇದು ಸ್ವಾಗತಾರ್ಹ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬೆತ್ತ ಕೆಳಗಿಳಿದ ಮಾತ್ರಕ್ಕೆ ಎಲ್ಲರ ಮನಸ್ಸೂ ಬದಲಾಯಿತೆಂದು ತಿಳಿಯಬಾರದು. ಇಂಥ ಆಚರಣೆ ತಮಗೆ ಬೇಡವೆನ್ನುವ ಮನೆಗಳು ಅಲ್ಲಿ ಇಂದಿಗೂ ಇವೆ. ಬೇಡವೆನ್ನುವುದು ಅವರ ಹಕ್ಕು. ನೆರೆಯವರನ್ನು ತಡೆಯುವುದು ಹಕ್ಕಲ್ಲ.

ಇನ್ನೊಂದು ಮಾತು. ಕ್ರಿಸ್‌ಮಸ್ ಗಿಡ ಮಾರಲು ಅವಕಾಶವಿದೆ, ಪ್ರಾರ್ಥನೆಗೆ ಒಂದು ಚರ್ಚ್ ಇಲ್ಲ. ಅನ್ಯಧರ್ಮೀಯರ ಸಾರ್ವಜನಿಕ ಪೂಜೆಗೂ ಅನುಮತಿಯಿಲ್ಲ. ಜಿದ್ದಾ, ದಮ್ಮಾಮ್‌ಗಳಲ್ಲಿ ದುಡಿಯುತ್ತಿರುವ ನಮ್ಮ ಕರಾವಳಿಯವರ ಪಾಲಿಗೆ ದೀಪಾವಳಿಯಾಗಲಿ ಕ್ರಿಸ್‌ಮಸ್ ಆಗಲಿ ನಾಲ್ಕು ಗೋಡೆಗಳೊಳಗಿನ ಹಬ್ಬ. ಪರರ ಹಬ್ಬದ ಸಂಭ್ರಮ ಪೇಟೆಗೆ ಬಂದರೆ ಸಾಲದು. ಮಾರುವವನಿಗೆ ಸಿಕ್ಕ ಬಿಡುಗಡೆ ನಂಬುವವನಿಗೂ ಸಿಗಬೇಕು. ಆಗ ಮಾತ್ರ ಬದಲಾವಣೆ ಪೂರ್ಣವಾದೀತು.