ಡಾರ್ವಿನ್, ಬೈಬಲ್ ಮತ್ತು ನೋವಿನ ಪ್ರಶ್ನೆ

ಎಂ.ಎ. ತರಗತಿಯಲ್ಲಿ ಮಾಲ್ಥಸ್‌ನ ಜನಸಂಖ್ಯಾ ಸಿದ್ಧಾಂತವನ್ನು ಓದುವಾಗ ಆತ ಆಂಗ್ಲಿಕನ್ ಪಾದ್ರಿಯೆಂಬುದನ್ನು ನಾನು ಗಮನಿಸಿರಲಿಲ್ಲ. 1838ರಲ್ಲಿ ಅದೇ ಪ್ರಬಂಧವನ್ನು ಓದಿದಾಗಲೇ ಡಾರ್ವಿನ್‌ಗೆ ನೈಸರ್ಗಿಕ ಆಯ್ಕೆಯ ತತ್ತ್ವ ಹೊಳೆದದ್ದು. ಕ್ರೈಸ್ತ ಶ್ರದ್ಧೆಯನ್ನೂ ವಿಕಾಸವಾದವನ್ನೂ ಹುಟ್ಟುವೈರಿಗಳೆಂದು ಬಗೆಯುವವರು ಇದನ್ನು ನೆನೆಯುವುದಿಲ್ಲ.

ಆರು ದಿನಗಳ ಸೃಷ್ಟಿಯ ಕಥನವನ್ನು ಅಕ್ಷರಶಃ ಹಿಡಿದರೆ ರಾಜಿ ಅಸಾಧ್ಯ, ನಿಜ. ಆದರೆ ಕ್ರೈಸ್ತರೆಲ್ಲ ಹಾಗೆ ಹಿಡಿದವರಲ್ಲ. ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ ಶ್ರದ್ಧಾವಂತ ಕ್ರೈಸ್ತನಾಗಿದ್ದುಕೊಂಡೇ ಅಮೆರಿಕದಲ್ಲಿ ಡಾರ್ವಿನ್‌ ಪರ ವಾದಿಸಿದ. ವಿಕಾಸವಾದ ಬರಿಯ ಊಹೆಯಲ್ಲವೆಂದು 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಒಪ್ಪಿದರು. ಆತ್ಮವನ್ನು ಮಾತ್ರ ದೇವರ ನೇರ ಸೃಷ್ಟಿಯೆಂದು ಉಳಿಸಿಕೊಂಡರು. (ಎರಡು ಇಲಾಖೆಗಳು ಅಧಿಕಾರವ್ಯಾಪ್ತಿ ಹಂಚಿಕೊಂಡಂತೆ ನನಗಿದು ಕಂಡರೆ ಅದು ಹಳೆಯ ವೃತ್ತಿದೋಷ.)

ನನ್ನನ್ನು ಕಾಡುವ ತೊಡಕು ಬೇರೆ. ಜೀವಂತ ಕಂಬಳಿಹುಳುವನ್ನು ಒಳಗಿನಿಂದ ತಿಂದು ಬೆಳೆಯುವ ಕಣಜವನ್ನು ಕರುಣಾಳು ದೇವರು ಬೇಕೆಂದೇ ಸೃಷ್ಟಿಸಿದನೆಂದು ನಂಬಲಾರೆನೆಂದು 1860ರಲ್ಲಿ ಡಾರ್ವಿನ್ ಬರೆದದ್ದು ಇದೇ ಗ್ರೇಗೆ. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿಯನ್ನು ಕಳೆದುಕೊಂಡಿದ್ದ ತಂದೆ ಆತ. ಕೋಟ್ಯಂತರ ವರ್ಷಗಳ ಹಸಿವು, ಸಾವುಗಳೇ ಸೃಷ್ಟಿಯ ವಿಧಾನವಾದರೆ, ಸಾವು ಆದಾಮನ ಪಾಪದ ಫಲವೆಂಬ ಬೋಧನೆಯನ್ನು ಹೇಗೆ ಅರ್ಥೈಸುವುದು? ಶಿಲುಬೆಯ ಮೇಲೆ ಸ್ವತಃ ನರಳಿದ ದೇವರಲ್ಲಿ ಇದಕ್ಕೆ ಉತ್ತರವಿದೆ ಎನ್ನುವ ದೈವಶಾಸ್ತ್ರಜ್ಞರಿದ್ದಾರೆ. ಕ್ರೈಸ್ತನಲ್ಲದ ನನಗೆ ಆ ಉತ್ತರ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೂ ಭೂಮಿಯ ವಯಸ್ಸನ್ನು ಆರು ಸಾವಿರ ವರ್ಷಕ್ಕೆ ಇಳಿಸುವವರ ವಾದಕ್ಕಿಂತ ಅದು ಪ್ರಾಮಾಣಿಕವಾದದ್ದು.